ನಾವು ಬಿಟ್ಟ ಪಾಠವನ್ನು ಫೋನು ಮಾಡುತ್ತಿದೆ

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಉಳಿದಿದ್ದಾಗ, ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟಿದವು. ಅವುಗಳಲ್ಲಿದ್ದದ್ದು ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯದ ದೃಶ್ಯಗಳು. ಅವರ ಮುಖ ಮರೆಮಾಡುವಷ್ಟು ಕರುಣೆಯನ್ನೂ ಹಂಚಿದವರು ತೋರಿರಲಿಲ್ಲ. ಪೆನ್‌ಡ್ರೈವ್‌ನಿಂದ ವಾಟ್ಸ್‌ಆ್ಯಪ್‌ಗೆ, ಅಲ್ಲಿಂದ ರಾಜ್ಯದ ಮೂಲೆಮೂಲೆಗೆ ಅವು ಹೋದವು. ವಿಡಿಯೊ ಹಂಚಿದವರ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು ತನಿಖಾ ತಂಡವೇ ಎಚ್ಚರಿಸಬೇಕಾಯಿತು. ಆ ಹೆಣ್ಣುಮಕ್ಕಳ ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವೆಂದು ಪತ್ರಿಕೆಗಳು ಬರೆದವು. ಆ ದಿನಗಳಲ್ಲಿ ಬಸ್ಸಿನಲ್ಲಿ, ಬೀಡಾ ಅಂಗಡಿಯ ಮುಂದೆ, ಕಚೇರಿಯ ಊಟದ ಬಿಡುವಿನಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ‘ನಿನ್ನ ಹತ್ರ ಆ ವಿಡಿಯೊ ಇದೆಯಾ?’ ಕೇಳುತ್ತಿದ್ದವರು ದೊಡ್ಡವರು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಮಕ್ಕಳು.

ತೆರೆಯ ಮೇಲೆ ಕಾಣುತ್ತಿರುವುದು ಏನು, ಅದನ್ನು ಯಾರು ಯಾಕೆ ತೆಗೆದರು, ಅಲ್ಲಿರುವವರು ಒಪ್ಪಿದ್ದರೇ, ನಾನು ಮುಂದಕ್ಕೆ ಕಳಿಸಿದರೆ ಯಾರಿಗೆ ಏನಾಗುತ್ತದೆ? ಇಷ್ಟನ್ನು ಕೇಳಿಕೊಳ್ಳುವ ಅಭ್ಯಾಸಕ್ಕೆ ಮಾಧ್ಯಮ ಸಾಕ್ಷರತೆ ಎನ್ನುತ್ತಾರೆ. ರಾಜಕೀಯ ಸುದ್ದಿಯ ವಿಚಾರದಲ್ಲಿ, ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಕರೆಗಳ ವಿಚಾರದಲ್ಲಿ ಆ ಅಭ್ಯಾಸ ಅಷ್ಟಿಷ್ಟು ಬಂದಿದೆ. ಲೈಂಗಿಕ ದೃಶ್ಯಗಳ ವಿಚಾರದಲ್ಲಿ ಅದು ದೊಡ್ಡವರಿಗೇ ಇಲ್ಲವೆಂದು ಹಾಸನದ ಪ್ರಕರಣ ತೋರಿಸಿತು. ಇದೇ ಸ್ಥಿತಿಯಲ್ಲಿ ಇನ್ನೈದು ವರ್ಷ ದೂಡಿದರೆ ಈಗಿನ ಹೈಸ್ಕೂಲು ಮಕ್ಕಳಿಗೆ ಒದಗುವ ಅಪಾಯ ಎಂಥದ್ದು ಎಂಬುದಕ್ಕೆ ಪುರಾವೆ ಈಗಾಗಲೇ ನಮ್ಮ ಮುಂದಿದೆ.

ಮೊದಲು ಫೋನಿನ ಲೆಕ್ಕ. 2024ರ ‘ಅಸರ್’ ಶಿಕ್ಷಣ ಸಮೀಕ್ಷೆ ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನ ಮಕ್ಕಳನ್ನು ಮಾತಾಡಿಸಿತು. ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಜಾಲತಾಣ ಬಳಸುವವರಲ್ಲಿ ತೊಂದರೆ ಕೊಡುವ ಖಾತೆಯನ್ನು ಬ್ಲಾಕ್ ಮಾಡುವುದು, ಅದರ ಮೇಲೆ ದೂರು ಕೊಡುವುದು ಗೊತ್ತಿದ್ದವರು ಶೇ 62. ತಮ್ಮ ಪ್ರೊಫೈಲನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದು ಗೊತ್ತಿದ್ದವರು ಶೇ 55. ಅಂದರೆ ಜಾಲತಾಣಕ್ಕೆ ಬಂದ ಹಳ್ಳಿಯ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಾಗಿಲಿಗೆ ಚಿಲಕ ಹಾಕಲು ಕಲಿಯದೆಯೇ ಬಂದಿದ್ದಾರೆ. 2016ರ ಸೆಪ್ಟೆಂಬರ್‌ನಲ್ಲಿ ಉಚಿತ ಡೇಟಾ ಬಂತು. 2020ರಲ್ಲಿ ಕೋವಿಡ್ ಬಂದಾಗ ಶಾಲೆಯೇ ಮಕ್ಕಳ ಕೈಗೆ ಫೋನ್ ಕೊಡಿಸಿತು. ಎರಡೂ ಸಲ ಬಳಸುವ ಬಗೆಯನ್ನು ಯಾರೂ ಹೇಳಿಕೊಡಲಿಲ್ಲ.

ಫೋನ್ ಕೈಗೆ ಬಂದ ಮೇಲೆ ಅಶ್ಲೀಲ ದೃಶ್ಯ ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಹುಡುಕಿಕೊಂಡು ಬರುತ್ತದೆ. ಇಂಗ್ಲೆಂಡಿನ ಮಕ್ಕಳ ಆಯುಕ್ತರ ಕಚೇರಿ 2023ರಲ್ಲಿ 16ರಿಂದ 21ರ ವಯಸ್ಸಿನ ಸಾವಿರ ಯುವಜನರನ್ನು ಕೇಳಿತು. ಮೊದಲು ನೋಡಿದ ಸರಾಸರಿ ವಯಸ್ಸು 13. ಶೇ 10ರಷ್ಟು ಮಂದಿ ಒಂಬತ್ತು ತುಂಬುವ ಹೊತ್ತಿಗೇ ನೋಡಿದ್ದರು. 2025ರಲ್ಲಿ ಅದೇ ಕಚೇರಿ ಮತ್ತೆ ಕೇಳಿದಾಗ, ತಾನಾಗಿ ಹುಡುಕದೆ ಆಕಸ್ಮಿಕವಾಗಿ ಕಂಡವರ ಪ್ರಮಾಣ ಶೇ 59ಕ್ಕೆ ಏರಿತ್ತು. ಅಮೆರಿಕದ ಕಾಮನ್ ಸೆನ್ಸ್ ಮೀಡಿಯಾ ಸಂಸ್ಥೆ 13ರಿಂದ 17ರವರನ್ನು ಸಮೀಕ್ಷೆ ಮಾಡಿದಾಗ ನಾಲ್ವರಲ್ಲಿ ಸುಮಾರು ಮೂವರು ನೋಡಿದ್ದರು, ಮೊದಲು ಕಂಡ ಸರಾಸರಿ ವಯಸ್ಸು 12. ಇವು ಪರದೇಶದ ಅಂಕಿಗಳು, ನಿಜ. ಆದರೆ ಲಂಡನ್ನಿನ ಹುಡುಗನ ಕೈಯಲ್ಲಿರುವ ಇನ್‌ಸ್ಟಾಗ್ರಾಂ, ಎಕ್ಸ್, ಟೆಲಿಗ್ರಾಂಗಳೇ ಲಿಂಗಸುಗೂರಿನ ಹುಡುಗನ ಕೈಯಲ್ಲೂ ಇವೆ. ಅಲ್ಲಿನ ಮಗುವಿಗೆ ಶಾಲೆಯಲ್ಲಿ ಒಂದಿಷ್ಟಾದರೂ ಲೈಂಗಿಕ ಶಿಕ್ಷಣ ಇದೆ. ನಮ್ಮ ಬಹುತೇಕ ಮಕ್ಕಳಿಗೆ ಅದೂ ಸಿಗದ್ದರಿಂದ ಆ ಅಂಕಿಗಳನ್ನು ನಮ್ಮದಲ್ಲವೆಂದು ಪಕ್ಕಕ್ಕೆ ಸರಿಸಲು ನನಗೆ ಧೈರ್ಯ ಬರುವುದಿಲ್ಲ.

ಆ ದೃಶ್ಯಗಳಲ್ಲಿ ಇರುವುದೇನು? 2010ರಲ್ಲಿ ಅನಾ ಬ್ರಿಡ್ಜಸ್ ಮತ್ತು ಸಂಗಡಿಗರು ಹೆಚ್ಚು ಮಾರಾಟವಾದ ಅಶ್ಲೀಲ ಚಿತ್ರಗಳ 304 ದೃಶ್ಯಗಳನ್ನು ವಿಶ್ಲೇಷಿಸಿದರು. ಶೇ 88ರಲ್ಲಿ ದೈಹಿಕ ಹಿಂಸೆಯಿತ್ತು. ಪೆಟ್ಟು ತಿಂದವರಲ್ಲಿ ಬಹುತೇಕ ಎಲ್ಲರೂ ಹೆಂಗಸರು. ಅದಕ್ಕಿಂತ ಮುಖ್ಯವಾದದ್ದು ಇದು: ಹಿಂಸೆಗೆ ಗುರಿಯಾದವರು ಬಹುಪಾಲು ಸುಖವನ್ನೇ ತೋರಿದರು, ಇಲ್ಲವೇ ಏನೂ ಆಗದವರಂತೆ ಸುಮ್ಮನಿದ್ದರು. ಲೈಂಗಿಕತೆಯನ್ನು ಮೊದಲ ಸಲ ಕಾಣುತ್ತಿರುವ ಹನ್ನೆರಡು ವರ್ಷದ ಮಗುವಿಗೆ ಇದು ಕಲಿಸುವ ಪಾಠವನ್ನು ಊಹಿಸಿ. ‘ಬೇಡ’ ಅನ್ನುವ ಮಾತೇ ಅಲ್ಲಿ ಇಲ್ಲ. ನೋವಾದರೂ ಅದು ಮುಖದಲ್ಲಿ ಕಾಣುವುದಿಲ್ಲ. 2021ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೊಂದು ದಾರಿಯಿಂದ ನೋಡಿದರು. ದೊಡ್ಡ ತಾಣಗಳು ಮೊದಲ ಸಲ ಬರುವವರಿಗೆ ಮುಖಪುಟದಲ್ಲಿ ತೋರಿಸುವ 1,31,738 ಶೀರ್ಷಿಕೆಗಳನ್ನು ಸಂಗ್ರಹಿಸಿ ವಿಶ್ಲೇಷಿಸಿದರು. ಎಂಟರಲ್ಲಿ ಒಂದು ಶೀರ್ಷಿಕೆ ಲೈಂಗಿಕ ದೌರ್ಜನ್ಯವನ್ನೇ ವರ್ಣಿಸುತ್ತಿತ್ತು. ನೋಡುಗ ಏನನ್ನೂ ಟೈಪ್ ಮಾಡುವ ಮೊದಲೇ ತಾಣ ಅವನ ಮುಂದಿಟ್ಟ ತಟ್ಟೆ ಅದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅಶ್ಲೀಲ ವಿಡಿಯೊ ನೋಡಿದ ಹುಡುಗನೆಲ್ಲ ಅತ್ಯಾಚಾರಿಯಾಗುತ್ತಾನೆ ಎನ್ನುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಯೊಹೆನ್ ಪೀಟರ್ ಮತ್ತು ಪ್ಯಾಟಿ ವಾಲ್ಕೆನ್‌ಬರ್ಗ್ 2016ರಲ್ಲಿ ಇಪ್ಪತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹದಿಹರೆಯದವರ ನೋಡುವಿಕೆಗೂ, ಹೆಣ್ಣು ಗಂಡುಗಳ ಬಗೆಗಿನ ಸಂಪ್ರದಾಯಬದ್ಧ ಧೋರಣೆಗೂ, ಲೈಂಗಿಕ ಆಕ್ರಮಣಕ್ಕೂ ನಂಟು ಕಾಣುತ್ತದೆ; ಆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಖಚಿತವಾಗಿ ಹೇಳಲಾಗದು ಎಂದು ಬರೆದರು. ಈ ಎಚ್ಚರ ನಮಗೂ ಬೇಕು. ಮಕ್ಕಳ ಮುಂದೆ ಉತ್ಪ್ರೇಕ್ಷೆ ಮಾಡಿದರೆ ಅವರು ನಮ್ಮ ಸತ್ಯವನ್ನೂ ನಂಬುವುದಿಲ್ಲ.

ಆದರೂ ಒಂದು ಅಪಾಯ ದೃಶ್ಯದಿಂದ ದೇಹಕ್ಕೆ ದಾಟಿದ್ದನ್ನು ಈಚಿನ ವರ್ಷಗಳಲ್ಲಿ ಕಣ್ಣಾರೆ ಕಾಣುತ್ತಿದ್ದೇವೆ. ಸಂಗಾತಿಯ ಕತ್ತು ಅದುಮುವುದು ಈ ವಿಡಿಯೊಗಳಲ್ಲಿ ಮಾಮೂಲಾಗಿದೆ. ಆಸ್ಟ್ರೇಲಿಯಾದಲ್ಲಿ 18ರಿಂದ 35ರ ವಯಸ್ಸಿನ 4,702 ಜನರನ್ನು ಕೇಳಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಶೇ 57ರಷ್ಟು ಜನ ಒಮ್ಮೆಯಾದರೂ ಇದಕ್ಕೆ ಒಳಗಾಗಿದ್ದರು. ಇದು ಎಲ್ಲಿಂದ ಗೊತ್ತಾಯಿತು ಎಂದಾಗ ಅತಿ ಹೆಚ್ಚು ಜನ, ಶೇ 61ರಷ್ಟು, ತೋರಿಸಿದ್ದು ಅಶ್ಲೀಲ ವಿಡಿಯೊ ಕಡೆಗೆ. ಕತ್ತಿನ ರಕ್ತನಾಳ ಅದುಮಿದರೆ ಮಿದುಳಿಗೆ ಆಮ್ಲಜನಕ ತಪ್ಪುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗಬಹುದು. ಹೊರಗೆ ಗಾಯದ ಗುರುತೂ ಇಲ್ಲದಿರಬಹುದು. ಇದರಲ್ಲಿ ಸುರಕ್ಷಿತ ವಿಧಾನ ಎಂಬುದು ಇಲ್ಲವೆಂದು ವೈದ್ಯರು ಹೇಳುತ್ತಾರೆ. ವಿಡಿಯೊದಲ್ಲಿ ವೈದ್ಯರು ಇರುವುದಿಲ್ಲ.

ಗಂಡುಮಕ್ಕಳಿಗೆ ಆಗುವ ಪೆಟ್ಟಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ನಮ್ಮ ಬಸ್ ನಿಲ್ದಾಣಗಳ ಹಿಂದಿನ ಗೋಡೆಗಳಲ್ಲಿ, ಶೌಚಾಲಯದ ಬಾಗಿಲುಗಳಲ್ಲಿ ‘ಗುಪ್ತರೋಗ’ಕ್ಕೆ ಗ್ಯಾರಂಟಿ ಚಿಕಿತ್ಸೆಯೆಂಬ ಚೀಟಿಗಳನ್ನು ಎಲ್ಲರೂ ಕಂಡಿದ್ದೇವೆ. ಧಾತು ಹೋಗಿ ನಿಶ್ಶಕ್ತನಾದೆ ಎಂಬ ಭಯ ಈ ನೆಲದಲ್ಲಿ ಎಷ್ಟು ಆಳವಾಗಿದೆಯೆಂದರೆ, 1960ರಲ್ಲಿ ಮನೋವೈದ್ಯ ಎನ್.ಎನ್. ವಿಗ್ ಅದನ್ನು ‘ಧಾತ್ ಸಿಂಡ್ರೋಮ್’ ಎಂದು ಗುರುತಿಸಿ ಹೆಸರಿಟ್ಟರು. ಆ ಹಳೆಯ ಭಯದ ಮೇಲೆ ಈಗ ವಿಡಿಯೊ ತಂದ ಹೊಸ ಭಯಗಳು ಕೂತಿವೆ: ನನ್ನ ಮೈಕಟ್ಟು ಹಾಗಿಲ್ಲ, ನನ್ನಿಂದ ಅಷ್ಟು ಹೊತ್ತು ಆಗುವುದಿಲ್ಲ, ನಾನು ಗಂಡಸೇ ಅಲ್ಲವೇನೋ. ಹುಡುಗ ಇದನ್ನು ಅಪ್ಪನ ಹತ್ತಿರ ಹೇಳಲಾರ, ಮೇಷ್ಟ್ರ ಹತ್ತಿರ ಕೇಳಲಾರ. ಉಳಿಯುವುದು ಗೋಡೆಯ ಮೇಲಿನ ಫೋನ್ ನಂಬರು. ಜೋಶುವಾ ಗ್ರಬ್ಸ್ ಎಂಬ ಮನಶ್ಶಾಸ್ತ್ರಜ್ಞರ ಅಧ್ಯಯನಗಳು ಇನ್ನೊಂದು ಸಂಗತಿ ತೋರಿಸಿವೆ. ‘ನಾನು ಇದಕ್ಕೆ ದಾಸನಾಗಿದ್ದೇನೆ’ ಎಂಬ ಸಂಕಟಕ್ಕೆ, ಎಷ್ಟು ನೋಡಿದರು ಎನ್ನುವುದರಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ, ನೋಡಿದ್ದು ಪಾಪ ಎಂಬ ಅಪರಾಧಪ್ರಜ್ಞೆಯೇ ಕಾರಣವಾಗುತ್ತದೆ. ಅಂದರೆ ಮಗುವನ್ನು ನಾಚಿಸಿ ತಿದ್ದಲು ಹೊರಟವರು ಅದರ ಸಂಕಟವನ್ನು ಹೆಚ್ಚಿಸುತ್ತಿರಬಹುದು.

ಇಷ್ಟು ಹೊತ್ತು ಹೇಳಿದ್ದು ಮಕ್ಕಳು ನೋಡುಗರಾದಾಗಿನ ಕಥೆ. ಮುಂದೆ ಬರುತ್ತಿರುವುದು ಬೇರೆ. 2023ರ ನವೆಂಬರ್‌ನಲ್ಲಿ ಕೊಡಗಿನ ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿದ ಡೀಪ್‌ಫೇಕ್ ದೇಶವೆಲ್ಲ ಹರಿದಾಡಿತು. ನಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲಾರೆ ಎಂದು ಅವರು ಆಗ ಬರೆದರು. ಅದಕ್ಕೆ ಎರಡು ತಿಂಗಳು ಮೊದಲೇ ಸ್ಪೇನಿನ ಅಲ್ಮೆಂದ್ರಾಲೆಹೊ ಎಂಬ ಸಣ್ಣ ಪಟ್ಟಣದಲ್ಲಿ ಅದು ಶಾಲಾ ಮಕ್ಕಳ ನಡುವೆಯೇ ನಡೆದಿತ್ತು. ಜಾಲತಾಣದಲ್ಲಿ ಹಾಕಿಕೊಂಡಿದ್ದ ಮಾಮೂಲು ಫೋಟೊಗಳನ್ನು ಆ್ಯಪ್‌ಗೆ ಕೊಟ್ಟು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ಬೆತ್ತಲೆ ಚಿತ್ರಗಳನ್ನು ಸೃಷ್ಟಿಸಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಲಾಗಿತ್ತು. ಮಾಡಿದವರು ಅದೇ ಊರಿನ ಹುಡುಗರು. ಬಲಿಯಾದವರಲ್ಲಿ ಹನ್ನೊಂದು ವರ್ಷದ ಮಗುವೂ ಇತ್ತು. ಮರುವರ್ಷ ಅಲ್ಲಿನ ಬಾಲ ನ್ಯಾಯಾಲಯ ಹದಿನೈದು ಮಂದಿ ಹುಡುಗರಿಗೆ ಒಂದು ವರ್ಷದ ನಿಗಾವಣೆ ವಿಧಿಸಿತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಅಟಾರ್ನಿ ಇಂಥ ಚಿತ್ರ ಸೃಷ್ಟಿಸುವ 16 ತಾಣಗಳ ಮೇಲೆ ಮೊಕದ್ದಮೆ ಹೂಡಿದರು. ಆ ವರ್ಷದ ಮೊದಲ ಆರು ತಿಂಗಳಲ್ಲೇ ಅವುಗಳಿಗೆ 20 ಕೋಟಿ ಭೇಟಿಗಳು ಬಂದಿದ್ದವು.

ಈ ಆ್ಯಪ್‌ಗಳಿಗೆ ಕೌಶಲ ಬೇಕಿಲ್ಲ, ದುಡ್ಡೂ ಹೆಚ್ಚು ಬೇಕಿಲ್ಲ. ಶಾಲೆಯ ವಾರ್ಷಿಕೋತ್ಸವದ ಒಂದು ಗ್ರೂಪ್ ಫೋಟೊ ಸಾಕು. ಆದ್ದರಿಂದ ‘ನಮ್ಮ ಮಗಳು ಅಂಥದ್ದನ್ನೆಲ್ಲ ನೋಡುವುದಿಲ್ಲ, ಫೋಟೊ ಕಳಿಸುವುದಿಲ್ಲ’ ಎಂಬ ಸಮಾಧಾನಕ್ಕೆ ಈಗ ಅರ್ಥವಿಲ್ಲ. ಹಾಗೆಯೇ ‘ನಮ್ಮ ಮಗ ಒಳ್ಳೆಯವನು’ ಎಂಬ ಭರವಸೆಯೂ ಅವನನ್ನು ಕಾಯುವುದಿಲ್ಲ, ಏಕೆಂದರೆ ಇದನ್ನು ಅವನು ತಮಾಷೆಯೆಂದೇ ಮಾಡುತ್ತಾನೆ. ಇದರಿಂದ ಒಬ್ಬ ಹುಡುಗಿ ಕಾಲೇಜು ಬಿಡಬೇಕಾಗಬಹುದು, ಜೀವವನ್ನೇ ಕಳೆದುಕೊಳ್ಳಬಹುದು ಎಂದು ಅವನಿಗೆ ಹೇಳಿದವರು ಯಾರು?

ಕಾನೂನಿನ ಮಾತನ್ನೂ ಅವನಿಗೆ ಯಾರೂ ಹೇಳಿಲ್ಲ. ಹದಿನೆಂಟು ತುಂಬದವರ ಲೈಂಗಿಕ ಚಿತ್ರಗಳನ್ನು ಖಾಸಗಿಯಾಗಿ ನೋಡುವುದು ಅಪರಾಧವಲ್ಲ ಎಂದು 2024ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತ್ತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅಂಥದ್ದೇ ಒಂದು ಆದೇಶ ಕೊಟ್ಟು, ಕೆಲವೇ ದಿನಗಳಲ್ಲಿ ತಾನೇ ಹಿಂಪಡೆಯಿತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಗೊಂದಲ ಮುಗಿಸಿತು. ಅಂಥ ವಸ್ತುವನ್ನು ಅಳಿಸದೆ, ದೂರು ಕೊಡದೆ, ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅಪರಾಧ. ನಿಜವಾಗಿ ಹಂಚಿದ್ದನ್ನು ಸಾಬೀತು ಮಾಡಬೇಕಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ನೋಡುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದನ್ನೂ ಒಳಗೊಳ್ಳುತ್ತದೆ. ತರಗತಿಯ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ಒಬ್ಬ ಹಾಕಿದ ಅಂಥ ವಿಡಿಯೊ, ಆಟೊ ಡೌನ್‌ಲೋಡ್ ಇರುವ ಫೋನುಗಳಲ್ಲಿ ತಾನೇ ಗ್ಯಾಲರಿಗೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಆ ಫೋನು ಅಮ್ಮನದು. ಅದೇ ತೀರ್ಪು ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನೂ ಎತ್ತಿ ಹೇಳಿ, ಅದು ಪಾಶ್ಚಾತ್ಯ ಕಲ್ಪನೆ ಎಂಬ ನಂಬಿಕೆ ತಪ್ಪೆಂದಿತು. ಟಿವಿ ಚರ್ಚೆಗಳಲ್ಲಿ ಶಿಕ್ಷೆಯ ಭಾಗ ಬಂತು, ಶಿಕ್ಷಣದ ಭಾಗ ಬಿಟ್ಟುಹೋಯಿತು.

ತಾಣಗಳನ್ನೇ ಮುಚ್ಚಿದರಾಯಿತಲ್ಲ ಎನ್ನುವವರಿದ್ದಾರೆ. ಅದನ್ನೂ ಮಾಡಿ ನೋಡಿದ್ದೇವೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ನಂತರ ಕೇಂದ್ರ ಸರ್ಕಾರ 827 ತಾಣಗಳನ್ನು ಮುಚ್ಚಿಸಿತು. ದೊಡ್ಡ ತಾಣ ಬೇರೆ ವಿಳಾಸದಲ್ಲಿ ಬಾಗಿಲು ತೆರೆಯಿತು, ಉಳಿದದ್ದು ವಿಪಿಎನ್ ಮತ್ತು ಟೆಲಿಗ್ರಾಂಗೆ ಹೋಯಿತು. ಬ್ರಿಟನ್ 2025ರ ಜುಲೈ 25ರಿಂದ ವಯಸ್ಸಿನ ತಪಾಸಣೆ ಕಡ್ಡಾಯ ಮಾಡಿದಾಗಲೂ ವಿಪಿಎನ್ ಡೌನ್‌ಲೋಡ್ ಒಮ್ಮೆಲೇ ಏರಿತು. ತಪಾಸಣೆ ಬೇಡವೆನ್ನುತ್ತಿಲ್ಲ. ಎಂಟು ವರ್ಷದ ಮಗು ಆಕಸ್ಮಿಕವಾಗಿ ಎಡವುವುದನ್ನು ಅದು ತಪ್ಪಿಸೀತು. ಹದಿನಾಲ್ಕರ ಹುಡುಗನನ್ನು ತಡೆಯಲಾರದು, ಪಕ್ಕದ ಬೆಂಚಿನವನು ಸೃಷ್ಟಿಸಿದ ನಕಲಿ ಚಿತ್ರವನ್ನಂತೂ ಖಂಡಿತ ತಡೆಯಲಾರದು.

ನಾವು ಕೈಬಿಟ್ಟದ್ದು ಯಾವಾಗ ಎಂಬುದಕ್ಕೆ ಇಸವಿಯೇ ಇದೆ. ಕೇಂದ್ರ ಸರ್ಕಾರ 2005ರಲ್ಲಿ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ನಿಲ್ಲಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಉಳಿದಿದೆ. ಅದನ್ನು ಪಾಠ ಮಾಡುವ ಬಗೆ ಓದಿದವರಿಗೆಲ್ಲ ಗೊತ್ತು: ಹೂವಿನ ಪರಾಗಸ್ಪರ್ಶದ ತನಕ ಬೋರ್ಡಿನ ಮೇಲೆ ಚಿತ್ರ ಬರುತ್ತದೆ, ಮನುಷ್ಯರ ಪುಟ ಬಂದಾಗ ‘ಇದನ್ನ ನೀವೇ ಓದ್ಕೊಳ್ಳಿ, ಎರಡು ಮಾರ್ಕ್ಸಿಗೆ ಬರುತ್ತೆ’. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಆ ನಗುವಿನಲ್ಲಿ ಮುಚ್ಚಿಹೋದ ಪ್ರಶ್ನೆಗಳಿಗೆ ಸಂಜೆ ಫೋನು ಉತ್ತರ ಕೊಡುತ್ತದೆ. ಕಾಮನ್ ಸೆನ್ಸ್ ಸಮೀಕ್ಷೆಯಲ್ಲಿ ಶೇ 45ರಷ್ಟು ಹದಿಹರೆಯದವರು ಈ ವಿಡಿಯೊಗಳಿಂದ ಉಪಯುಕ್ತ ಮಾಹಿತಿ ಸಿಕ್ಕಿತು ಎಂದಿದ್ದರು. ಮಾಹಿತಿಗೆ ಬೇರೆ ದಾರಿ ಇಟ್ಟಿದ್ದರೆ ಇಷ್ಟು ಮಕ್ಕಳು ಅಲ್ಲಿಗೆ ಹೋಗುತ್ತಿದ್ದರೇ?

ಕಲಿಸಿದರೆ ಫಲವುಂಟೇ ಎಂಬುದಕ್ಕೂ ಪುರಾವೆಯಿದೆ. ಲೌರಾ ವಾಂಡನ್‌ಬೋಷ್ ಮತ್ತು ಯೊಹಾನಾ ವಾನ್ ಊಸ್ಟನ್ 2017ರಲ್ಲಿ ನೆದರ್ಲೆಂಡ್ಸಿನ 13ರಿಂದ 25ರ ವಯಸ್ಸಿನ 1,947 ಜನರ ಅಧ್ಯಯನ ಪ್ರಕಟಿಸಿದರು. ಅಶ್ಲೀಲ ದೃಶ್ಯಗಳನ್ನು ವಿಮರ್ಶಕ ಕಣ್ಣಿನಿಂದ ನೋಡಲು ಶಾಲೆಯಲ್ಲಿ ಹೆಚ್ಚು ಕಲಿತವರಲ್ಲಿ, ನೋಡುವಿಕೆಗೂ ಹೆಣ್ಣನ್ನು ವಸ್ತುವೆಂದು ಭಾವಿಸುವುದಕ್ಕೂ ಇರುವ ನಂಟು ಸಡಿಲವಾಗಿತ್ತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ಸಂಶೋಧನೆ ಇದು. ಅಮೆರಿಕದ ಬಾಸ್ಟನ್ನಿನಲ್ಲಿ ಎಮಿಲಿ ರಾಥ್‌ಮನ್ ಮತ್ತು ಸಂಗಡಿಗರು ಹೈಸ್ಕೂಲು ಮಕ್ಕಳಿಗೆ ಒಂಬತ್ತು ತರಗತಿಗಳ ಪಾಠಕ್ರಮ ರೂಪಿಸಿದರು. ಪ್ರಯೋಗ ಚಿಕ್ಕದು, ಮೂವತ್ತರ ಆಸುಪಾಸಿನ ವಿದ್ಯಾರ್ಥಿಗಳದ್ದು. ಹೋಲಿಕೆಯ ಗುಂಪೂ ಇರಲಿಲ್ಲ. ಆದರೂ ಪಾಠದ ನಂತರ ಈ ವಿಡಿಯೊಗಳನ್ನು ವಾಸ್ತವವೆಂದು ನಂಬುವವರ ಸಂಖ್ಯೆ ಇಳಿಯಿತು. ಆ ತರಗತಿಗಳಲ್ಲಿ ಒಂದೇ ಒಂದು ಅಶ್ಲೀಲ ಚಿತ್ರವನ್ನೂ ತೋರಿಸಿರಲಿಲ್ಲ. ಒಪ್ಪಿಗೆ, ದೇಹದ ಬಗೆಗಿನ ಕೀಳರಿಮೆ, ಖಾಸಗಿ ಫೋಟೊ ಕಳಿಸಿದರೆ ಕಾನೂನು ಏನೆನ್ನುತ್ತದೆ, ಒಳ್ಳೆಯ ಸಂಬಂಧದ ಲಕ್ಷಣವೇನು ಎಂಬುದರ ಸುತ್ತ ಮಾತುಕತೆ ನಡೆದಿತ್ತು.

ನಮ್ಮ ಶಾಲೆಯಲ್ಲಿ ಇದನ್ನು ಶುರು ಮಾಡುವುದು ಹೇಗೆ? ಸಿನಿಮಾ ಫೈಟಿಂಗಿನಿಂದ ಶುರು ಮಾಡಬಹುದು. ನಾಯಕ ಇಪ್ಪತ್ತು ಜನರನ್ನು ಹೊಡೆದು ಕೆಡವುತ್ತಾನೆ, ಅಂಗಿಯ ಇಸ್ತ್ರಿ ಮುರಿಯುವುದಿಲ್ಲ. ಎಂಟನೇ ತರಗತಿಯ ಯಾವ ಹುಡುಗನೂ ಅದನ್ನು ನಿಜವೆನ್ನುವುದಿಲ್ಲ. ಹಗ್ಗವಿದೆ, ಡೂಪ್ ಇದ್ದಾರೆ, ಸ್ಟಂಟ್ ಮಾಸ್ಟರ್ ಇದ್ದಾರೆ, ಪೆಟ್ಟಾದ ಶಾಟ್ ಎಡಿಟಿಂಗ್‌ನಲ್ಲಿ ಹೋಗಿದೆ ಎಂದು ಅವನೇ ವಿವರಿಸುತ್ತಾನೆ. ಆಗ ಕೇಳಬೇಕಾದ ಪ್ರಶ್ನೆ: ಫೋನಿಗೆ ಬರುವ ಆ ಇನ್ನೊಂದು ಬಗೆಯ ವಿಡಿಯೊದಲ್ಲಿ ಎಡಿಟಿಂಗ್ ಇಲ್ಲವೇ? ಯಾರು ದುಡ್ಡು ಹಾಕಿದರು, ಯಾರು ದುಡ್ಡು ಮಾಡಿದರು? ಪುಕ್ಕಟೆ ಸಿಗುತ್ತದೆ ಅಂದರೆ ನಿನ್ನಿಂದ ಅವರಿಗೆ ಸಿಗುವುದೇನು? ‘ಲೀಕ್’ ಎಂದು ಬರೆದಿದ್ದರೆ ಅದರಲ್ಲಿರುವವಳು ಈಗ ಎಲ್ಲಿದ್ದಾಳೆ? ನೀನು ಒತ್ತುವ ಫಾರ್ವರ್ಡ್ ಅವಳಿಗೆ ಏನು ಮಾಡುತ್ತದೆ? ಹುಡುಗರು, ಹುಡುಗಿಯರು ಮೊದಲು ಬೇರೆ ಬೇರೆ ಕೂತು ಮಾತಾಡಲಿ, ನಾಚಿಕೆ ಇಳಿದ ಮೇಲೆ ಒಟ್ಟಿಗೆ. ಹೆಸರು ಬರೆಯದ ಚೀಟಿಗಳಲ್ಲಿ ಪ್ರಶ್ನೆ ಹಾಕಲು ಒಂದು ಡಬ್ಬಿ ಇಟ್ಟರೆ, ಮಕ್ಕಳನ್ನು ನಿಜವಾಗಿ ಕಾಡುತ್ತಿರುವುದು ಏನೆಂದು ಗೊತ್ತಾಗುತ್ತದೆ.

ಮನೆಯವರಿಗೂ ಒಂದು ಮಾತು. ಫೋಟೊ ಇಟ್ಟುಕೊಂಡು ಬೆದರಿಸುವವನ ಬಂಡವಾಳ ಫೋಟೊ ಅಲ್ಲ, ‘ಅಪ್ಪನಿಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ’ ಎಂಬ ಹುಡುಗಿಯ ಹೆದರಿಕೆ. ಏನೇ ಆಗಲಿ, ನಮ್ಮ ಹತ್ತಿರ ಹೇಳು, ನಿನ್ನ ಓದು ನಿಲ್ಲುವುದಿಲ್ಲ ಎಂಬ ಮಾತನ್ನು ಏನೂ ಆಗುವ ಮುಂಚೆಯೇ ಕೊಟ್ಟಿಡಬೇಕು. ಆದ ಮೇಲೆ ಮಾಡಬೇಕಾದ್ದು ಇಷ್ಟು: ದುಡ್ಡು ಕೊಡಬೇಡಿ. ಬೆದರಿಕೆಯ ಸಂದೇಶ ಮತ್ತು ಖಾತೆಯ ಹೆಸರನ್ನು ಉಳಿಸಿಕೊಳ್ಳಿ; ಮಗುವಿನ ಚಿತ್ರವನ್ನು ಸಾಕ್ಷಿಯೆಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098, ಮಗು ಕುಸಿದಿದ್ದರೆ ಟೆಲಿ ಮಾನಸ್ 14416. ಹದಿನೆಂಟರ ಒಳಗಿನವರ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಅಪ್‌ಲೋಡ್ ಮಾಡಬೇಕಿಲ್ಲ. ಅದರ ಡಿಜಿಟಲ್ ಗುರುತಷ್ಟೇ ಸಾಕು, ಸೇರಿಕೊಂಡಿರುವ ಜಾಲತಾಣಗಳು ಅದನ್ನು ಹುಡುಕಿ ತೆಗೆಯುತ್ತವೆ. ಫೋನಿನ ಚಟ ಕೈಮೀರಿದೆ ಎನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ.

ಹೊಸ ಕಾಯ್ದೆಯನ್ನೋ ಹೊಸ ಪಠ್ಯವನ್ನೋ ಕಾಯಬೇಕಿಲ್ಲ. ಆಯುಷ್ಮಾನ್ ಭಾರತ್ ಅಡಿಯಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಹನ್ನೊಂದು ವಿಷಯಗಳಿವೆ. ಇಂಟರ್ನೆಟ್ ಮತ್ತು ಮಾಧ್ಯಮದ ಸುರಕ್ಷಿತ ಬಳಕೆ ಅವುಗಳಲ್ಲಿ ಒಂದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ತರಬೇತಿ ಪಡೆದು ವಾರಕ್ಕೊಂದು ತರಗತಿ ನಡೆಸಬೇಕೆಂದು ಅದೇ ಹೇಳುತ್ತದೆ. ನಿಮ್ಮೂರಿನ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಬಿಸಿಯೂಟ, ಕಾಂಪೌಂಡುಗಳ ಚರ್ಚೆ ಮುಗಿದ ಮೇಲೆ ಹೆಡ್‌ಮಾಸ್ತರರನ್ನು ಕೇಳಿ: ಆ ಇಬ್ಬರು ಯಾರು, ಅವರಿಗೆ ತರಬೇತಿ ಆಗಿದೆಯೇ, ಯಾವ ವಾರ, ಯಾವ ಪೀರಿಯಡ್? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.